ತಿಪ್ಪಮ್ಮ ಎಳೆದ ಕುಂಕುಮದ ಗೆರೆ

“ಸಾರ್, ಇಲ್ಲಿ ಸ್ವಲ್ಪ ನೋಡ್ರಿ” ಎಂದು ಕಸ ಗುಡಿಸುವ ತಿಪ್ಪಮ್ಮ ಕರೆದಾಗ ತಲೆ ಎತ್ತುವಷ್ಟು ತ್ರಾಣವೂ ನನಗಿರಲಿಲ್ಲ. ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲೊಂದರ ಪ್ಯಾಕಿಂಗ್ ಯಂತ್ರ ಪೊಟ್ಟಣಗಳನ್ನು ಅವುಗಳ ಮೇಲೆ ಅಚ್ಚಾದ ಚಿತ್ರದ ನಡುವೆಯೇ ಕತ್ತರಿಸುತ್ತಿತ್ತು. ರಿಪೇರಿಗೆ ಹೋದ ನಾನು ಎರಡು ದಿನ ವೈರು, ಮೋಟಾರು ಎಲ್ಲ ತಡಕಾಡಿ ಸೋತಿದ್ದೆ. ಕೆಲಸ ನಿಂತು ಪ್ಯಾಕಿಂಗ್ ಹೆಂಗಸರು ಗೋಡೆಗೊರಗಿ ನನ್ನನ್ನೇ ನೋಡುತ್ತಿದ್ದರು.

ತಿಪ್ಪಮ್ಮನ ಬೆರಳು ರಿಸಾಲ್ವರಿನ ಕಡೆಗಿತ್ತು. ಶಾಫ್ಟ್ ಎಷ್ಟು ತಿರುಗಿ ಎಲ್ಲಿ ನಿಂತಿದೆಯೆಂದು ಯಂತ್ರಕ್ಕೆ ತಿಳಿಸುವ ಭಾಗವದು.

“ಆಯುಧಪೂಜೆಗೆ ಶಾಫ್ಟಿಗೂ ಇದಕ್ಕೂ ಸೇರಿಸಿ ಒಂದೇ ಗೆರೆ ಕುಂಕುಮ ಎಳೆದಿದ್ದೆ. ಈಗ ಅರ್ಧ ಮ್ಯಾಲೈತೆ, ಅರ್ಧ ಕೆಳಗೈತೆ.”

ಸ್ಕ್ರೂ ಸಡಿಲಾಗಿ ರಿಸಾಲ್ವರ್ ಶಾಫ್ಟಿನ ಮೇಲೆ ಜಾರಿಬಿಟ್ಟಿತ್ತು. ಯಂತ್ರ ಪಾಪ, ತಪ್ಪು ಲೆಕ್ಕವನ್ನೇ ನಂಬಿ ಕತ್ತರಿಸುತ್ತಿತ್ತು. ಗೆರೆಗೆ ಗೆರೆ ಕೂಡಿಸಿ ಬಿಗಿ ಮಾಡಿದೆ. ಮೊದಲ ಪೊಟ್ಟಣವೇ ಸರಿಯಾಗಿ ಬಂತು. ಹೆಂಗಸರು ಸೆರಗು ಸಿಕ್ಕಿಸಿಕೊಂಡು ಎದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಮೈಯೆಲ್ಲ ನೋಯುತ್ತಿದ್ದರೂ ನಿದ್ದೆ ಹತ್ತಲಿಲ್ಲ. ಮಿಲ್ಲಿಗೆ ಹೋದ ದಿನವೇ ನಾನು ತಿಪ್ಪಮ್ಮನ ಮೇಲೆ ರೇಗಿ, ಯಂತ್ರದ ಮೇಲಿನ ಕುಂಕುಮವನ್ನೆಲ್ಲ ಒರೆಸಿಹಾಕಲು ಹೇಳಿದ್ದೆ. ಪುಣ್ಯಕ್ಕೆ ಆಕೆ ನನ್ನ ಮಾತು ಕೇಳಿರಲಿಲ್ಲ.