ಪೋಲೆಂಡಿನ ರೊಟ್ಟಿ

ಮಾವನವರ ಎಡಗಾಲು ಮೇಜಿನ ಕೆಳಗೆ ಸದಾ ಕುಣಿಯುತ್ತಿತ್ತು. ಲೋಟದೊಳಗಿನ ಚಹಾದ ಮೇಲೆ ಅದರಿಂದ ಸಣ್ಣ ಸಣ್ಣ ಉಂಗುರಗಳೇಳುತ್ತಿದ್ದವು. ಆ ಶನಿವಾರವೂ ಹಾಗೇ ಇತ್ತು.

ಗದಗಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರು. ಅತ್ತೆ ತೀರಿಕೊಂಡ ಮೇಲೆ ಸಮುದ್ರ ದಾಟಿ ನ್ಯೂ ಲಿನ್‌ನ ನಮ್ಮ ಮನೆಗೆ ಬಂದು ಆರು ವರ್ಷವಾಗಿತ್ತು. ಕೂತಲ್ಲಿ ಕೂರುವ ಜೀವವಲ್ಲ. ಮುಂಜಾನೆ ರೈಲು ನಿಲ್ದಾಣದವರೆಗೆ ನಡೆದು, ಯಾವ ಗಾಡಿ ಎಷ್ಟು ತಡ ಎಂದು ನೋಡಿ ಬಂದು ನನಗೆ ವರದಿ ಒಪ್ಪಿಸುತ್ತಿದ್ದರು.

ಅಂದು ನನ್ನ ಮಗಳಿಗೆ, ನೆರೆಯ ರಾಜ್ಯಗಳು ಪೋಲೆಂಡನ್ನು ಮೂರು ಸಲ ಹಂಚಿಕೊಂಡ ಪಾಠ. ನಕಾಶೆಯ ಬದಲು ಜೋಳದ ರೊಟ್ಟಿ. ಸ್ಯಾಂಡ್ರಿಂಗಮ್‌ನ ಭಾರತೀಯ ಅಂಗಡಿಯಿಂದ ತಂದ ಹಿಟ್ಟಿನಲ್ಲಿ ಜಿಗಿ ಇರಲಿಲ್ಲ, ಅಂಚೆಲ್ಲ ಒಡೆದಿತ್ತು. "ನಿಮ್ಮವ್ವ ಬಡಿದ ರೊಟ್ಟಿ ಯುರೋಪಿನ ನಕಾಶಕ್ಕ ಭಾಳ ಛಲೋ" ಎಂದು ನನ್ನತ್ತ ನೋಡಿ ನಕ್ಕರು.

"ಇದು ಪೋಲೆಂಡ್. ಅಗಲ ಐತಿ, ಒಳಗ ಕಸುವಿಲ್ಲ. ಈ ಕಡೆ ರಷ್ಯಾ, ಈ ಕಡೆ ಪ್ರಷ್ಯಾ, ಕೆಳಗ ಆಸ್ಟ್ರಿಯಾ." ಮೊದಲು ಮೂರೂ ಕಡೆ ಅಂಚು ಮುರಿದರು. ಎರಡನೆಯ ಸಲ ಎರಡು ಕಡೆ. ಮೂರನೆಯ ಸಲಕ್ಕೆ ತಟ್ಟೆ ಖಾಲಿ.

"ಡಿಡ್ ಎನಿವನ್ ಆಸ್ಕ್ ಪೋಲೆಂಡ್, ಅಜ್ಜಾ?"

"ಕೇಳಿದ್ರಲ್ಲ, ಸುತ್ತ ಸೈನಿಕರನ್ನ ನಿಲ್ಲಿಸಿ. ಒಂದು ಕಾಲಕ್ಕ ಅಲ್ಲಿ ಒಬ್ಬ 'ಒಲ್ಲೆ' ಅಂದ್ರ ಸಭಾನ ಮುರೀತಿತ್ತು. ಖರೇ ಬೇಕಾದಾಗ ಒಬ್ರೂ ಬಾಯಿ ಬಿಡ್ಲಿಲ್ಲ. ಸುಮ್ಮನ ಕುಂತದ್ದನ್ನ ಒಪ್ಪಿಗಿ ಅಂತ ಬರಕೊಂಡ್ರು."

"ದೆನ್ ಇಟ್ಸ್ ಗಾನ್?"

"ತಿರುಗಿ ಬಂತು. ನೂರಾ ಇಪ್ಪತ್ಮೂರು ವರ್ಷಕ್ಕ."

ಮರುದಿನ ವೆಲಿಂಗ್ಟನ್ನಿನಿಂದ ಭಾವ, ಕ್ರೈಸ್ಟ್‌ಚರ್ಚ್‌ನಿಂದ ಮೈದುನ ಬಂದರು. ಹಿಂದಿನ ತಿಂಗಳು ಮಾವನವರು ನಿಲ್ದಾಣದ ಹತ್ತಿರ ಜಾರಿ ಬಿದ್ದಿದ್ದರು; ನಾನು, ನನ್ನ ಗಂಡ ಇಬ್ಬರೂ ಹಗಲೆಲ್ಲ ಕೆಲಸಕ್ಕೆ ಹೋಗುವವರು. ಅದೇ ಮೇಜಿನ ಸುತ್ತ ಮಾವನವರ ಮೂವರು ಗಂಡುಮಕ್ಕಳು ಕೂತರು.

"ಅಪ್ಪಾ, ಮೂರೂ ಮನಿ ನಿಮ್ಮವ ಅಲ್ಲೇನ್ರಿ? ಒಬ್ಬೊಬ್ಬರ ಕಡೆ ನಾಕ್ ನಾಕ್ ತಿಂಗ್ಳ" ಎಂದರು ಭಾವ.

"ತಿರುಗಾಡೂದಂದ್ರ ನಿಮಗ ಸೇರ್ತೈತಲ್ಲ" ಎಂದ ಮೈದುನ.

ಮಾವನವರು ಅಡುಗೆಕಟ್ಟೆ ಒರೆಸುತ್ತಿದ್ದ ನನ್ನತ್ತ ತಿರುಗಿದರು. "ನೀ ಏನಂತೀಯವಾ?"

ಗಂಡಸರು ಮಾತಾಡುವಾಗ ನಮ್ಮ ಮನೆಯಲ್ಲಿ ಸೊಸೆಯಂದಿರನ್ನು ಯಾರೂ ಕೇಳಿದ್ದಿಲ್ಲ. ಅವರು ಕೇಳಿದರು. ಪೆನ್‌ರೋಸ್‌ನ ಗೋದಾಮಿನಲ್ಲಿ ವಾರವಿಡೀ ಪೆಟ್ಟಿಗೆ ಕಟ್ಟಿ ನನ್ನ ತೋಳುಗಳು ಸೋತಿದ್ದವು. ವರ್ಷಕ್ಕೆ ಎಂಟು ತಿಂಗಳು ಒಬ್ಬರ ಪಥ್ಯದಡುಗೆ ತಪ್ಪುತ್ತದೆ ಎಂದು ಮನಸ್ಸಿನಲ್ಲಿ ಬಂದದ್ದು ಸುಳ್ಳಲ್ಲ. ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತ ನಿಂತೆ.

"ಸುಮ್ಮನ ಅದಾಳಂದ್ರ ಒಪ್ಪಿಗಿ ಐತಿ" ಎಂದರು ನನ್ನ ಗಂಡ.

ಮಾವನವರು ತಲೆಯಾಡಿಸಿದರು. ಅವರ ಮುಂದಿನ ಚಹಾ ಅಲುಗಲಿಲ್ಲ.

ವೆಲಿಂಗ್ಟನ್ನಿನ ನಾಲ್ಕು ತಿಂಗಳು ಮುಗಿದವು. ಕ್ರೈಸ್ಟ್‌ಚರ್ಚ್‌ನಿಂದ ಫೋನಿನಲ್ಲಿ, "ಎಲ್ಲಾ ಛಲೋ ಐತಿ. ಸ್ಟೇಷನ್ ಅಷ್ಟ ದೂರ" ಎನ್ನುತ್ತಿದ್ದರು. ನಮ್ಮ ಪಾಳಿಗೆ ಮೂರು ವಾರವಿದೆ ಎನ್ನುವಾಗ ಅಲ್ಲಿಯೇ ಮಲಗಿದಲ್ಲೇ ಹೋದರು. ಅವರಿಗಾಗಿ ನಾನು ಆಗಲೇ ಹೊಸ ಜೋಳದ ಹಿಟ್ಟು ತಂದಿಟ್ಟಿದ್ದೆ.

ಈಗ ಶನಿವಾರ ಬಂದರೆ ಕೂತಲ್ಲಿ ಕೂರಲಾಗುವುದಿಲ್ಲ. ಒಲೆ ಆರಿಸಿದ್ದೇನೆಯೇ ಎಂದು ಎರಡು ಸಲ ಏಳುತ್ತೇನೆ. "ಒಲ್ಲೆ" ಎಂದು ಒಮ್ಮೆ ಖಾಲಿ ಮನೆಯಲ್ಲಿ ಗಟ್ಟಿಯಾಗಿ ಅಂದೂ ನೋಡಿದೆ. ಅವರ ಜಾಗದಲ್ಲಿ ಲೋಟ ಇಟ್ಟು ಎದುರು ಕೂರುತ್ತೇನೆ. ಚಹಾದ ಮೇಲೆ ಉಂಗುರ ಏಳುವುದಿಲ್ಲ.