ಮುಟ್ಟಿ ಹೇಳುವ ಪಾಳಿ

“ಭೀಮಸಿಯವರ, ಇಂವಗ ನಿಮ್ಮ ಅಕ್ಷರಾ ತಿಳಿಯಂಗಿಲ್ಲ, ಖರೆ. ಆದ್ರ ಪೈಪಿನೊಳಗ ಹರಿಯೂ ಹಾಲು ಕಾಣತೈತಿ. ನಿಮಗ ಕಾಣತೈತೇನ್ರಿ?”

ಹನ್ನೊಂದು ವರ್ಷಗಳ ಹಿಂದೆ, ಸದಲಗಾದ ನಮ್ಮ ಹಾಲು ಶೀತಲೀಕರಣ ಕೇಂದ್ರದಲ್ಲಿ, ನಾನೇ ಬರೆದುಕೊಟ್ಟ ದೂರಿನ ಕಾಗದವನ್ನು ಕೈಯಲ್ಲಿ ಹಿಡಿದು ಶ್ರೀಮತಿ ಉಜ್ವಲಾ ಚೌಗಲೆಯವರು ಕೇಳಿದ ಪ್ರಶ್ನೆಯಿದು. ಈ ಲೇಖನವನ್ನೇ ಅದಕ್ಕೆ ತಡವಾದ ಉತ್ತರವೆಂದು ಅವರು ಸ್ವೀಕರಿಸಬೇಕು.

ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಹಾಲು ತರುತ್ತಿದ್ದ ಕಾಲದಿಂದ ಟ್ಯಾಂಕರುಗಳು ಸಾಲುಗಟ್ಟುವ ಈ ಕಾಲದವರೆಗೆ, ದೂಧಗಂಗೆಯಿಂದ ಕೃಷ್ಣೆಯವರೆಗಿನ ನಮ್ಮ ಸೀಮೆಯ ಹೈನೋದ್ಯಮವನ್ನು ಬೆಳೆಸಿದವರ ಸಾಲಿನಲ್ಲಿ ಉಜ್ವಲಾಬಾಯಿಯವರದು ಮುಂಚೂಣಿಯ ಹೆಸರು. ಮುಗಳಖೋಡದಲ್ಲಿ ಹಾಲು ಪರೀಕ್ಷಕಿಯಾಗಿ ಸೇರಿ, ಅಥಣಿಯಲ್ಲಿ ಗುಣಮಟ್ಟದ ಅಧಿಕಾರಿಯಾಗಿ ದುಡಿದು, ಸದಲಗಾ ಕೇಂದ್ರದ ವ್ಯವಸ್ಥಾಪಕಿಯಾಗಿ ಅವರು ಇದೀಗ ನಿವೃತ್ತರಾಗಿದ್ದಾರೆ. ಮೂವತ್ತನಾಲ್ಕು ವರ್ಷಗಳ ಆ ಸೇವೆಯ ಬಗ್ಗೆ ಬಲ್ಲವರು ಈ ಅಭಿನಂದನ ಸಂಪುಟದಲ್ಲಿ ಬರೆದಿದ್ದಾರೆ. ನನಗೆ ಹೇಳಲು ಇರುವುದು ಒಂದೇ ಸಂಗತಿ, ಅದರಲ್ಲಿ ನನ್ನ ಪಾತ್ರ ಅಷ್ಟೇನೂ ಚೆಂದದ್ದಲ್ಲ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಹಳೆಯ ಪತ್ರಿಕೆ, ಔಷಧಿ ಡಬ್ಬಿ, ಬಸ್ಸಿನ ಫಲಕ, ಹೀಗೆ ಸಿಕ್ಕದ್ದನ್ನೆಲ್ಲ ಓದಿ ಅಕ್ಷರವನ್ನು ದಕ್ಕಿಸಿಕೊಂಡೆ. ಪಾಳಿಯ ಮುಖ್ಯಸ್ಥನಾದ ಮೇಲೆ ಪಾಳಿ ವಹಿಯಲ್ಲಿ ನಾನು ಬರೆಯುತ್ತಿದ್ದ ಮುತ್ತಿನಂಥ ಸಾಲುಗಳ ಬಗ್ಗೆ ನನಗೆ ಸಣ್ಣದಲ್ಲದ ಗರ್ವವಿತ್ತು. ಹಾಗೆ ಕಷ್ಟಪಟ್ಟು ಕಲಿತವನಿಗೆ ಕಲಿಯಲಾಗದವನ ಮೇಲೆ ಕರುಣೆ ಹುಟ್ಟಬೇಕು. ನನಗೆ ಸಿಟ್ಟು ಹುಟ್ಟಿತು.

ಆ ಸಿಟ್ಟಿಗೆ ಗುರಿಯಾದವನು ನಮ್ಮ ಯಂತ್ರ ಚಾಲಕ ಮಾಳಸಿದ್ದ. ಒಂದು ಮಧ್ಯಾಹ್ನ, ಎರಡನೆಯ ಟ್ಯಾಂಕಿಯನ್ನು ಕಾಸ್ಟಿಕ್ ಸೋಡಾ ನೀರಿನಿಂದ ತೊಳೆಯಲಾಗುತ್ತಿದೆ, ಹಾಲನ್ನು ಐದನೆಯದಕ್ಕೆ ಬಿಡತಕ್ಕದ್ದು ಎಂದು ವಹಿಯಲ್ಲಿ ಬರೆದಿಟ್ಟು ನಾನು ಮನೆಗೆ ಹೋದೆ. ಮಾಳಸಿದ್ದ ಹಾಲನ್ನು ಎರಡನೆಯದಕ್ಕೇ ಬಿಟ್ಟ. ಮೂರು ಸಾವಿರ ಲೀಟರ್ ಹಾಲು ಗಟಾರದ ಪಾಲಾಯಿತು. ಇಂಥ ಬೇಜವಾಬ್ದಾರಿ ಮನುಷ್ಯನನ್ನು ಕೆಲಸದಿಂದ ತೆಗೆಯಬೇಕೆಂದು ನಾನು ಎರಡು ಪುಟ ಬರೆದೆ.

ಉಜ್ವಲಾಬಾಯಿಯವರು ಇಬ್ಬರನ್ನೂ ಕರೆಸಿದರು. “ವಹಿ ಓದಿದ್ದೇನೋ?” ಎಂದು ಮಾಳಸಿದ್ದನನ್ನು ಕೇಳಿದರು.

“ಓದಾಕ ಕುಂತಿದ್ನಿರಿ ಅಕ್ಕಾರ. ಸಾಲು ಒಂದರ ಮ್ಯಾಲ ಒಂದು ಏರತಾವರಿ. ಹಾಲು ಬಂದು ನಿಂತಿತ್ತು. ಮಂದೀನ ಕೇಳಾಕ ನಾಚಿಕಿ ಬಂತ್ರಿ.”

ಅವರು ಬಯ್ಯಲಿಲ್ಲ. ಒಂದು ಸೀಮೆಸುಣ್ಣ ಕೊಟ್ಟು, ಹಾಲು ಹೋದ ದಾರಿಯನ್ನು ನೆಲದ ಮೇಲೆ ತೋರಿಸೆಂದರು. ಮಾಳಸಿದ್ದ ಕುಕ್ಕುರುಗಾಲಲ್ಲಿ ಕೂತು, ಒಮ್ಮೆಯೂ ತಲೆಯೆತ್ತದೆ, ಇಡೀ ಕೇಂದ್ರದ ಪೈಪುಗಳನ್ನು ತಿರುವು ತಿರುವಾಗಿ ಗೀಚಿದ. ಮೂವತ್ತೊಂದು ವಾಲ್ವು. ಮೂವತ್ತೇ ಇರುವುದೆಂದು ನಾನು ವಾದಿಸಿದೆ. “ಗೋಡಿ ಕೆಳಗ ಒಂದೈತಿ ನೋಡ್ರಿ,” ಎಂದ. ಹೋಗಿ ನೋಡಿದರೆ ಇತ್ತು! ಆರು ವರ್ಷ ಅದರ ಮುಂದೆಯೇ ಓಡಾಡಿದ ನನಗೆ ಅದು ಮರೆತೇ ಹೋಗಿತ್ತು. ನಾನು ಆರಂಭದಲ್ಲಿ ಹೇಳಿದ ಆ ಪ್ರಶ್ನೆಯನ್ನು ಉಜ್ವಲಾಬಾಯಿಯವರು ಕೇಳಿದ್ದು ಆಗಲೇ.

ಮುಂದೆ ಅವರೇ ಅವನನ್ನು ಬೆಳಗಾವಿಯ ತಜ್ಞರೊಬ್ಬರ ಬಳಿ ಕರೆದೊಯ್ದರು. ಅವನಿಗಿರುವುದು ಡಿಸ್ಲೆಕ್ಸಿಯಾ, ಓದು ಬರಹ ತೊಡಕಾಗುವುದೇ ಹೊರತು ಬುದ್ಧಿಗೆ ಕೊರತೆಯಿಲ್ಲ ಎಂದು ತಿಳಿಯಿತು. ಹಾಗಾದರೆ ಓದಲು ತೊಡಕಿರುವವರೆಲ್ಲ ಹೀಗೆ ಪೈಪು ಬಲ್ಲವರೇ ಎಂದು ನಾನು ಕೊಂಕು ತೆಗೆದೆ. “ಹಂಗೇನಿಲ್ರಿ. ಒಬ್ಬೊಬ್ಬರಿಗೆ ಒಂದೊಂದು. ಇಂವನ ಹತ್ರ ಇದೈತಿ. ನೋಡೂದು ನಮ್ಮ ಕೆಲಸ,” ಎಂದರು.

ಅವರ ದೊಡ್ಡತನ ಕಂಡದ್ದು ಅದರ ನಂತರ. ಮಾಳಸಿದ್ದನ ತೊಡಕನ್ನು ಯಾರ ಮುಂದೆಯೂ ಆಡಲಿಲ್ಲ. ಅವನ ಒಪ್ಪಿಗೆ ಪಡೆದೇ ನಾನಿದನ್ನು ಬರೆಯುತ್ತಿದ್ದೇನೆ. ಅವನೊಬ್ಬನಿಗೆಂದು ರಿಯಾಯಿತಿ ಕೊಡದೆ ಎಲ್ಲರಿಗೂ ಒಂದೇ ಪದ್ಧತಿ ತಂದರು. ಹಾಲಿನ ಪೈಪಿಗೆ ಹಸಿರು ಪಟ್ಟಿ, ನೀರಿಗೆ ನೀಲಿ, ಸೋಡಾ ನೀರಿಗೆ ಕೆಂಪು. ಪಾಳಿ ಬದಲಾಗುವಾಗ ವಹಿ ಬರೆದರೆ ಸಾಲದು. ಹೋಗುವವನು ಬರುವವನನ್ನು ಜೊತೆಗೆ ಕರೆದುಕೊಂಡು, ಒಂದೊಂದು ವಾಲ್ವನ್ನೂ ಮುಟ್ಟಿ, ತೆರೆದಿದೆಯೋ ಮುಚ್ಚಿದೆಯೋ ಬಾಯಿಬಿಟ್ಟು ಹೇಳಬೇಕು. ಮೊದಲ ವಾರ ನಾವೆಲ್ಲ ನಕ್ಕೆವು. “ಪೂಜಾರಿಗೋಳ ಆದೀವಿ, ಗಂಟಿ ಒಂದ ಕಮ್ಮಿ,” ಎಂದು ನಾನೇ ಚೇಷ್ಟೆ ಮಾಡಿದೆ.

ಮೂರನೆಯ ತಿಂಗಳಲ್ಲಿ ಆ ಪೂಜೆ ನನ್ನನ್ನೇ ಕಾಯಿತು. ಪಾಳಿ ಒಪ್ಪಿಸುತ್ತಾ ನಾನು ಮುಚ್ಚಿದೆ ಎಂದು ಹೇಳಿದ ವಾಲ್ವಿನಾಚೆಗೆ ಮಾಳಸಿದ್ದ ಅಂಗೈಯಿಟ್ಟು ನಿಂತುಬಿಟ್ಟ. “ಕಾಕಾ, ಹಸಿರು ಪೈಪು ಬೆಚ್ಚಗ ಯಾಕೈತ್ರಿ?” ವಾಲ್ವು ಸವೆದು, ಬಿಸಿ ಸೋಡಾ ನೀರು ಹಾಲಿನ ಕಡೆಗೆ ಜಿನುಗುತ್ತಿತ್ತು. ವಹಿಯಲ್ಲಿ ನನ್ನ ಅಕ್ಷರ ಮಾತ್ರ ಮುತ್ತಿನಂತೆಯೇ ಇತ್ತು. ಅಂದು ಉಜ್ವಲಾಬಾಯಿಯವರು ನನ್ನ ಹಳೆಯ ದೂರನ್ನು ಮೇಜಿನ ಖಾನೆಯಿಂದ ತೆಗೆದು ನನಗೆ ಮರಳಿಸಿದರು.

ಈ ವರ್ಷ ನಾನು ನಿವೃತ್ತನಾಗಿ ಪಾಳಿ ಮುಖ್ಯಸ್ಥನ ಸ್ಥಾನ ತೆರವಾದಾಗ ಆಡಳಿತ ಮಂಡಳಿ ಲಿಖಿತ ಪರೀಕ್ಷೆ ಇಟ್ಟಿತು. “ನಾ ಬರಂಗಿಲ್ರಿ. ನನ್ನ ಕಾಗದ ನೋಡಿ ನಗತಾರ,” ಎಂದು ಮಾಳಸಿದ್ದ ಹಿಂದೆ ಸರಿದ. ನಿವೃತ್ತಿಗೆ ಎರಡೇ ತಿಂಗಳಿದ್ದ ಉಜ್ವಲಾಬಾಯಿಯವರು ನಾಲ್ಕು ಸಲ ಮಂಡಳಿಯ ಮುಂದೆ ನಿಂತರು. ಬೇಕಾದವರಿಗೆ ಪ್ರಶ್ನೆಯನ್ನು ಓದಿ ಹೇಳಬೇಕು, ಉತ್ತರವನ್ನು ಪೈಪಿನ ಬಳಿಯೇ ಕೇಳಬೇಕು ಎಂದು ಹಟ ಹಿಡಿದು ಒಪ್ಪಿಸಿದರು. ಐವರಲ್ಲಿ ಮಾಳಸಿದ್ದ ಮೊದಲಿಗನಾದ.

ಉಜ್ವಲಾಬಾಯಿಯವರಿಗೆ ಆಯುಷ್ಯ, ಆರೋಗ್ಯ ಹೆಚ್ಚಲಿ. ನೋಡುವ ಆ ಕಣ್ಣು ಇನ್ನೂ ಹತ್ತು ಕಾರ್ಖಾನೆ, ಕಚೇರಿಗಳಿಗೆ ದಾರಿ ತೋರಲಿ.

ಕಡೆಯ ದಿನ ಹಾರ, ಪೇಢೆ ಎಲ್ಲ ಮುಗಿದ ಮೇಲೆ ಅವರು ಗೇಟಿನತ್ತ ಹೊರಟಿದ್ದರು. ಹೊಸ ಪಾಳಿ ಮುಖ್ಯಸ್ಥ ಮಾಳಸಿದ್ದ ದಾರಿಗೆ ಅಡ್ಡ ನಿಂತ.

“ಪಾಳಿ ಒಪ್ಪಿಸದ ಹೊಂಟೀರಲ್ರಿ, ಅಕ್ಕಾರ?”

ಅವರು ನಕ್ಕು, ಹಾರವನ್ನು ನನ್ನ ಕೈಗಿತ್ತು, ಮೊದಲ ವಾಲ್ವಿನಿಂದ ಶುರುಮಾಡಿದರು. ತೆರೆದೈತಿ, ಮುಚ್ಚೈತಿ ಎನ್ನುತ್ತಾ ಕೊನೆಯವರೆಗೂ ಹೋಗಿ, “ಮುಗೀತೇನಪಾ?” ಎಂದರು.

“ಒಂದ ಉಳೀತ್ರಿ.”

ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅರವತ್ತರ ಆ ತಾಯಿ ಒದ್ದೆ ನೆಲದ ಮೇಲೆ ಮೊಣಕಾಲೂರಿದರು. ಗೋಡೆಯ ಕೆಳಗೆ, ಆ ಮೂವತ್ತೊಂದನೆಯ ವಾಲ್ವಿಗಾಗಿ ತೋಳು ಚಾಚಿ ತಡಕಾಡಿದರು.