ಅಕ್ಕೋರ ಮನೆಯ ಗೋಡೆ

ನಿನ್ನೆಯಿಂದ ನಮ್ಮ ಮನೆಯ ಚಹಾಕ್ಕೂ ಆಯಿಲ್ ಪೇಂಟಿನ ವಾಸನೆ. ಬಾಜೂ ಮನೆಯ ಮಲಗುವ ಕೋಣೆಗೆ ಬಣ್ಣ ಹೊಡೆಸಿದ್ದಾರೆ. ಮನೆ ಅನ್ನುವುದು ರೂಢಿ, ಅದೀಗ ಸ್ಮಾರಕ. ಹುಕ್ಕೇರಿಯ ಅರ್ಧ ಊರಿಗೆ ಅಕ್ಷರ ಕಲಿಸಿದ ಅಕ್ಕೋರು ಇಲ್ಲಿದ್ದರು ಎಂದು ಬಾಗಿಲ ಮೇಲೆ ಕಲ್ಲು ಕೂರಿಸಿದ್ದಾರೆ. ಕಸ ಗುಡಿಸುವವಳು ನಾನೇ, ಕೀಲಿಕೈಯೂ ನನ್ನ ಹತ್ತಿರವೇ.

ಕಲ್ಲಿನಲ್ಲಿ ಇಲ್ಲದ್ದನ್ನು ನಿಮಗೆ ಹೇಳುತ್ತೇನೆ. ಆ ಮನೆಯಲ್ಲಿ ಇಬ್ಬರಿದ್ದರು. ಸರಕಾರಿ ದವಾಖಾನೆಯ ನರ್ಸಬಾಯಿ ಬಾಡಿಗೆಗೆಂದು ಬಂದವರು ಮತ್ತೆ ಹೋಗಲೇ ಇಲ್ಲ. ನಾನಾಗ ಹೊಸ ಸೊಸೆ. ಹಾಲಿಗೆ ಹೆಪ್ಪು ಬೇಡುವ ನೆವ ಮಾಡಿ ಎಷ್ಟು ಸಲ ಹೋಗಿದ್ದೇನೋ! ನಮ್ಮಲ್ಲಿ ಎಮ್ಮೆಯೇ ಇತ್ತು, ಮೊಸರಿಗೇನು ಬರ? ಹೋಗುತ್ತಿದ್ದುದು ಅವರ ಜಗಳ ಕೇಳಲು. ಎರಡು ಮಂಚ ಕೂಡಿಸಿ, ಗೋಡೆಗೆ ತಲೆ ಆನಿಸಿ, ಇಬ್ಬರೂ ಕಾಲು ಚಾಚಿ ಕೂತಿರುತ್ತಿದ್ದರು.

"ಎಷ್ಟರ ಎಣ್ಣಿ ಬಡಕೋತೀಯ? ಗ್ವಾಡಿ ನೋಡ, ಭಜಿ ಕರದಂಗ ಆಗೈತಿ," ಎನ್ನುವರು ಅಕ್ಕೋರು.

"ನಿನ್ನ ತಲಿ ಹಿಂದ ಏನ್ ಗಂಧಾ ಹತ್ತೈತೇನ?" ಎನ್ನುವರು ನರ್ಸಬಾಯಿ.

ಖರೆ, ಗೋಡೆಯ ಮೇಲೆ ಎರಡು ಜಿಡ್ಡಿನ ಗುರುತುಗಳಿದ್ದವು, ಒಂದರ ಮಗ್ಗುಲಿಗೆ ಒಂದು. ದೀಪಾವಳಿಗೆ ಸುಣ್ಣ ಬಳಿದರೂ ಮತ್ತೆ ಮೇಲೆ ಬರುತ್ತಿದ್ದವು.

ಅವರಿಬ್ಬರೂ ಒಬ್ಬರಿಗೊಬ್ಬರು ಏನಾಗಬೇಕು ಎಂದು ಓಣಿಯಲ್ಲಿ ಯಾರೂ ಕೇಳಲಿಲ್ಲ. ಹೆಸರಿಡದೆ ಬಿಟ್ಟದ್ದಕ್ಕೇ ಅದು ನಡೆದುಕೊಂಡು ಹೋಯಿತೇನೋ. ಅಕ್ಕೋರು ತೀರಿಕೊಂಡ ಮೇಲೆ ಅವರ ತಮ್ಮನ ಮಗ ಮನೆಯನ್ನು ಹಳೆಯ ವಿದ್ಯಾರ್ಥಿಗಳ ಸಮಿತಿಗೆ ಕೊಟ್ಟ. ಆಗ ಪ್ರತಿ ವಸ್ತುವಿನ ಕೆಳಗೂ ಒಂದು ಚೀಟಿ ಬೇಕಾಯಿತು. ಕನ್ನಡಕಕ್ಕೆ ಬರೆದರು, ಛತ್ರಿಗೆ ಬರೆದರು. ಎರಡನೆಯ ಮಂಚಕ್ಕೆ ಏನೆಂದು ಬರೆಯುವುದು? ಅದನ್ನು ಹೊರಗೆ ಹಾಕಿದರು. ನರ್ಸಬಾಯಿ ಟ್ರಂಕು ಹಿಡಿದುಕೊಂಡು ಕುಲಗೋಡಕ್ಕೆ, ಅಣ್ಣನ ಮನೆಗೆ ಹೋದರು.

ಮೊನ್ನೆ ಕೋಣೆ ಒಪ್ಪ ಮಾಡಲೆಂದು ಸಮಿತಿಯವರು ಧಾರವಾಡದಿಂದ ಚಿತ್ರಕಲೆ ಕಲಿತ ಹುಡುಗಿಯೊಬ್ಬಳನ್ನು ಕರೆಸಿದರು. ಆಕೆ ಒಂದು ಚಿತ್ರವನ್ನೂ ಬರೆಯಲಿಲ್ಲ. ಯಾರು ಎಲ್ಲಿ ಮಲಗುತ್ತಿದ್ದರು ಎಂದು ನನ್ನನ್ನು ಕೇಳಿದಳು. ಆಮೇಲೆ ಆ ಗುರುತುಗಳ ಸುತ್ತ ಕಟ್ಟಿಗೆಯ ಚೌಕಟ್ಟು ಹೊಡೆದಳು, ಎರಡಕ್ಕೂ ಸೇರಿ ಒಂದೇ. ಇಷ್ಟಕ್ಕೆ ಧಾರವಾಡದಿಂದ ಬರಬೇಕಿತ್ತೇ ಎಂದು ನಾನೂ ನಕ್ಕೆ. ಮರುದಿನ ಕಸಬರಿಗೆ ಹಿಡಿದು ಅದರ ಮುಂದೆ ನಿಂತವಳಿಗೆ ಗುಡಿಸುವುದೇ ಮರೆಯಿತು. ಆ ಹೊತ್ತಿಗೇ ನರ್ಸಬಾಯಿಗೆ ಫೋನ್ ಮಾಡಿದೆ. "ಸಾಯೂದ್ರಾಗ ಒಮ್ಮಿ ನೋಡಬೇಕವಾ," ಎಂದರು.

ಸಮಿತಿಯ ಅಧ್ಯಕ್ಷರು ನಗಲಿಲ್ಲ. "ಜಿಡ್ಡಿಗೆ ಚೌಕಟ್ಟ ಹಾಕತಾರೇನ್ರಿ? ಸಾಲಿ ಹುಡುಗ್ರು ಬರೂ ಜಾಗಾ ಇದು. ನಾಳೆ ಮಂದಿ ಅಕ್ಕೋರ ಬಗ್ಗೆ ಏನರ ಅಂದ್ರ?" ಚೌಕಟ್ಟು ಕಿತ್ತರು. ಜಿಡ್ಡು ಇನ್ನೆಂದೂ ತಲೆಯೆತ್ತಬಾರದೆಂದು ಆಯಿಲ್ ಪೇಂಟ್ ಹೊಡೆಸಿದರು.

ಬರಬೇಡಿರಿ ಎಂದು ಹೇಳಲು ಇವತ್ತು ಬೆಳಿಗ್ಗೆ ಫೋನ್ ಮಾಡಿದರೆ, ನರ್ಸಬಾಯಿ ಫೋನು ಮನೆಯಲ್ಲೇ ಬಿಟ್ಟು ಬಸ್ಸು ಹತ್ತಿದ್ದರು. ಗೋಕಾಕದಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಬಂದರು. ಕೋಣೆಯ ಬಾಗಿಲಲ್ಲಿ ನಿಂತು ಮಿರಮಿರ ಮಿಂಚುವ ಗೋಡೆಯನ್ನು ನೋಡಿದರು.

"ಎಲ್ಲೈತಿ ತಂಗಿ?"

"ಬಣ್ಣಾ ಹೊಡಿಸ್ಯಾರ್ರೀ ಬಾಯಾರ."

ಅವರು ಅಕ್ಕೋರ ಮಂಚದ ಪಕ್ಕ, ತಮ್ಮ ಮಂಚವಿದ್ದ ಖಾಲಿ ನೆಲದ ಮೇಲೆ ಮೆಲ್ಲಗೆ ಕೂತರು. ಕಣ್ಣು ಮುಚ್ಚಿ ಗೋಡೆಗೆ ತಲೆ ಆನಿಸಿದರು.

"ಬಣ್ಣಾ ಇನ್ನೂ ಹಸಿ ಐತ್ರಿ. ತಲಿಗಿ ಹತ್ತತೈತಿ."

"ಹತ್ತಲಿ ಬಿಡವಾ."

ಹೊರಗೆ ಅಧ್ಯಕ್ಷರ ಮೋಟಾರ್ ಸೈಕಲ್ಲು ಬಂದು ನಿಂತಿತು. ನಾನು ಹೋಗಿ ತಲೆಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದೆ. ನಾಳೆಯಿಂದ ಈ ಮನೆಯೊಳಗೆ ನನಗೂ ಜಾಗವಿಲ್ಲ ಎಂಬುದು ಅಗಳಿ ಹಾಕುವಾಗಲೇ ತಿಳಿದಿತ್ತು. ಅಧ್ಯಕ್ಷರು ಬಾಗಿಲು ಬಡಿಯತೊಡಗಿದರು. ನರ್ಸಬಾಯಿ ಕಣ್ಣು ತೆರೆಯಲಿಲ್ಲ.